ಪರ್ಲ್ ಪಟ್ಟಿಯಿಂದ ಹೊರಬಿದ್ದ ಚುಕ್ಕಿ

ಪರ್ಲ್ ಪ್ರೋಗ್ರಾಂ ಒಂದು ಮಾಡ್ಯೂಲ್ ಬೇಕೆಂದಾಗ ಇಂಟರ್‌ಪ್ರಿಟರ್ ಇಡೀ ಡಿಸ್ಕನ್ನು ಜಾಲಾಡುವುದಿಲ್ಲ. ಐಎನ್‌ಸಿ ಎಂಬ ಅರೇಯಲ್ಲಿರುವ ಡೈರೆಕ್ಟರಿಗಳನ್ನು ಮೊದಲಿನಿಂದ ಒಂದೊಂದಾಗಿ ನೋಡುತ್ತದೆ. ಆ ಹೆಸರಿನ ಫೈಲ್ ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ಹಾಗಾಗಿ ಪಟ್ಟಿಯಲ್ಲಿ ಏನಿದೆ ಎಂಬುದರಷ್ಟೇ ಯಾವುದು ಮುಂದಿದೆ ಎಂಬುದೂ ಮುಖ್ಯ.

1987ರಲ್ಲಿ ಲ್ಯಾರಿ ವಾಲ್ ಹೊರತಂದ ಪರ್ಲ್, ಪಠ್ಯ ಸೋಸಿ ವರದಿ ತೆಗೆಯುವ ಸಾಧನವಾಗಿತ್ತು. 1994ರ ಐದನೇ ಆವೃತ್ತಿಯಲ್ಲಿ ಮಾಡ್ಯೂಲ್‌ಗಳು ಬಂದವು, ಮರುವರ್ಷ ಸಿಪ್ಯಾನ್ ಭಂಡಾರ ತೆರೆಯಿತು. ಬೇರೆಯವರ ಕೋಡ್ ಇಳಿಸಿಕೊಂಡು ಬಳಸುವುದು ದಿನನಿತ್ಯದ ಕೆಲಸವಾದ ಮೇಲೆ ಪಟ್ಟಿಯನ್ನು ತಿದ್ದುವುದೂ ದಿನನಿತ್ಯದ್ದಾಯಿತು. ರೂಟ್ ಅನುಮತಿ ಇಲ್ಲದವರು ತಮ್ಮ ಹೋಮ್ ಡೈರೆಕ್ಟರಿಯಲ್ಲಿ ಮಾಡ್ಯೂಲ್ ಇಟ್ಟುಕೊಂಡು, ಪರ್ಲ್5ಲಿಬ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲೋ ಪ್ರೋಗ್ರಾಂನ 'ಯೂಸ್ ಲಿಬ್' ಸಾಲಿನಲ್ಲೋ ಅದರ ದಾರಿ ಹೇಳುತ್ತಾರೆ. 'ಯೂಸ್ ಲಿಬ್' ಕಂಪೈಲ್ ಹಂತದಲ್ಲೇ ನಡೆಯುತ್ತದೆ. ಹೊಸಬರು ಎಡವುವುದು ಇಲ್ಲಿ: ಅರೇಗೆ ಸಾಮಾನ್ಯ ಸಾಲೊಂದರಲ್ಲಿ ಡೈರೆಕ್ಟರಿ ಸೇರಿಸಿದರೆ, ಆ ಸಾಲು ಓಡುವ ಹೊತ್ತಿಗೆ ಮಾಡ್ಯೂಲ್ ತರುವ ಕೆಳಗಿನ 'ಯೂಸ್' ಸಾಲುಗಳೆಲ್ಲ ಆಗಲೇ ನಡೆದುಹೋಗಿರುತ್ತವೆ.

ಪಟ್ಟಿಯ ತುದಿಯಲ್ಲಿ ಬಹುಕಾಲ ಒಂದು ಚುಕ್ಕಿ ಇತ್ತು. ಯುನಿಕ್ಸ್‌ನಲ್ಲಿ ಚುಕ್ಕಿ ಎಂದರೆ ಬಳಕೆದಾರ ಸದ್ಯ ಕೆಲಸ ಮಾಡುತ್ತಿರುವ ಡೈರೆಕ್ಟರಿ. ಪ್ರೋಗ್ರಾಂನ ಪಕ್ಕದಲ್ಲೇ ಮಾಡ್ಯೂಲ್ ಇಟ್ಟು ಓಡಿಸುವವರಿಗೆ ಇದು ಅನುಕೂಲವಾಗಿತ್ತು. ಕೊನೆಯಲ್ಲಿರುವುದರಿಂದ ಅಪಾಯವಿಲ್ಲ, ಅಸಲಿ ಮಾಡ್ಯೂಲ್ ಮೊದಲೇ ಸಿಕ್ಕಿಬಿಡುತ್ತದೆ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ.

ಲೆಕ್ಕ ತಪ್ಪಿದ್ದು ಐಚ್ಛಿಕ ಮಾಡ್ಯೂಲ್‌ಗಳಲ್ಲಿ. ಇದ್ದರೆ ಬಳಸು, ಇಲ್ಲದಿದ್ದರೆ ಬಿಡು ಎಂಬಂತೆ ಬರೆದ ಪ್ರೋಗ್ರಾಂಗಳು ಬಹಳ. ಅಂಥ ಮಾಡ್ಯೂಲ್ ಯಂತ್ರದಲ್ಲಿ ಇಲ್ಲವೆಂದರೆ ಹುಡುಕಾಟ ಪಟ್ಟಿಯುದ್ದಕ್ಕೂ ಸಾಗಿ ಚುಕ್ಕಿಯನ್ನು ತಲುಪಲೇಬೇಕು. ರೂಟ್ ಬಳಕೆದಾರರು ಎಲ್ಲರೂ ಬರೆಯಬಹುದಾದ ಟೆಂಪ್ ಡೈರೆಕ್ಟರಿಯಲ್ಲಿ ನಿಂತು ಅಂಥ ಪ್ರೋಗ್ರಾಂ ಓಡಿಸಿದರೆ, ಅದೇ ಹೆಸರಿನ ಫೈಲನ್ನು ಮೊದಲೇ ಅಲ್ಲಿಟ್ಟವರ ಕೋಡ್ ರೂಟ್ ಅಧಿಕಾರದಲ್ಲೇ ಓಡುತ್ತದೆ. 2016ರಲ್ಲಿ ಇದು ಸಿವಿಇ-2016-1238 ಎಂಬ ಸಂಖ್ಯೆಯಡಿ ಭದ್ರತಾ ದೋಷವಾಗಿ ದಾಖಲಾಯಿತು.

ಸುಳಿವು ಮೊದಲೂ ಇತ್ತು. ಹೊರಗಿನ ಮಾಹಿತಿಯನ್ನು ನಂಬದ ಟೇಂಟ್ ಮೋಡ್‌ನಲ್ಲಿ ಪರ್ಲ್ ಚುಕ್ಕಿಯನ್ನು ಕೈಬಿಡುತ್ತಿತ್ತು, ಪರ್ಲ್5ಲಿಬ್ ಅನ್ನೂ ಕಡೆಗಣಿಸುತ್ತಿತ್ತು. ರೂಬಿ ಭಾಷೆಯಂತೂ 2010ರ 1.9.2 ಆವೃತ್ತಿಯಲ್ಲೇ ತನ್ನ ಪಟ್ಟಿಯಿಂದ ಚುಕ್ಕಿ ತೆಗೆದಿತ್ತು. ಪರ್ಲ್ ತಡಮಾಡಿದ್ದಕ್ಕೆ ಹಳೆಯ ಕೋಡ್ ಮುರಿಯಬಾರದೆಂಬ ಅದರ ಹಟ ಕಾರಣವಿರಬೇಕು.

2017ರ ಮೇ ತಿಂಗಳ 5.26ರಲ್ಲಿ ಚುಕ್ಕಿ ಹೋಯಿತು. ಅಂಜಿದಂತೆಯೇ ಆಯಿತು: ತಮ್ಮದೇ ಇನ್‌ಸ್ಟಾಲ್ ಸಾಮಗ್ರಿಯನ್ನು ಡೈರೆಕ್ಟರಿಯೊಳಗೇ ಹೊತ್ತು ತರುವ ಹಳೆಯ ಸಿಪ್ಯಾನ್ ಪ್ಯಾಕೇಜುಗಳು ಬಿಲ್ಡ್ ಆಗದಾದವು. ಅವುಗಳಿಗಾಗಿ 'ಪರ್ಲ್ ಯೂಸ್ ಅನ್‌ಸೇಫ್ ಐಎನ್‌ಸಿ' ಎಂಬ ವೇರಿಯಬಲ್ ಉಳಿಯಿತು. 1 ಎಂದು ಕೊಟ್ಟರೆ ಚುಕ್ಕಿ ಮರಳುತ್ತದೆ. ಮಾಡ್ಯೂಲ್ ಇಳಿಸಿ ಕೂರಿಸುವ ಸಾಧನಗಳು ಬಿಲ್ಡ್ ಹೊತ್ತಿನಲ್ಲಿ ಅದನ್ನು ತಾವೇ 1 ಮಾಡಿಕೊಳ್ಳುತ್ತವೆ. ಉಳಿದೆಡೆ ಪ್ರೋಗ್ರಾಂ ಇರುವ ಜಾಗವನ್ನು ಫೈಂಡ್‌ಬಿನ್ ಮಾಡ್ಯೂಲ್‌ನಿಂದ ತಿಳಿದುಕೊಂಡು, ಅದನ್ನು 'ಯೂಸ್ ಲಿಬ್'ಗೆ ಕೊಡುವುದೇ ರೂಢಿ.