ಸುಳ್ಳು ಕೊಲೆಯೊಳಗಣ ನಿಜವಾದ ಕೊಲೆ

ಸುಂದರಿಯೊಬ್ಬಳು ಗಂಡಸೊಬ್ಬನನ್ನು ಚುಂಬಿಸಿ, ಆ ಚುಂಬನದಿಂದಲೇ ಅವನನ್ನು ಹಂತಕರಿಗೆ ಗುರುತುಮಾಡಿಕೊಡುತ್ತಾಳೆ. ಗುಂಡುಗಳು ಹಾರುತ್ತವೆ, ಆತ ನೆಲಕ್ಕುರುಳುತ್ತಾನೆ. ಇದೇ ಕಥೆಯೆಂದು ಪ್ರೇಕ್ಷಕನು ನಂಬಿ ಕುಳಿತಿರುವಾಗಲೇ ದೀಪಗಳೂ ಕ್ಯಾಮೆರಾವೂ ನಿರ್ದೇಶಕನೂ ಗೋಚರಿಸಿ, ಕಂಡದ್ದೆಲ್ಲ ಚಿತ್ರೀಕರಣವೆಂಬುದು ಸ್ಪಷ್ಟವಾಗುತ್ತದೆ. ಆದರೆ ಬಿದ್ದ ನಟ ಏಳುವುದಿಲ್ಲ. 1932ರಲ್ಲಿ ತಯಾರಾದ ‘ದಿ ಡೆತ್ ಕಿಸ್’ ಎಂಬ ಅಮೆರಿಕದ ಪತ್ತೇದಾರಿ ವಾಕ್ಚಿತ್ರವು ಆರಂಭವಾಗುವುದು ಹೀಗೆ.

ಆರ್ಥಿಕ ಮುಗ್ಗಟ್ಟು ಅಮೆರಿಕವನ್ನು ಹಿಂಡುತ್ತಿದ್ದ ಆ ಕಾಲದಲ್ಲಿ, ದೊಡ್ಡ ಸಂಸ್ಥೆಗಳ ವೈಭವವನ್ನು ಸರಿಗಟ್ಟಲಾರದ ಸಣ್ಣ ನಿರ್ಮಾಪಕರು ಅಲ್ಪ ಬಂಡವಾಳದಲ್ಲಿ, ಅಲ್ಪಾವಧಿಯಲ್ಲಿ ಚಿತ್ರಗಳನ್ನು ಮುಗಿಸಬೇಕಾಗಿತ್ತು. ಅರಮನೆಯನ್ನೋ ಹಡಗನ್ನೋ ನಿರ್ಮಿಸಲು ಹಣವಿಲ್ಲದವರು ತಾವು ನಿಂತಿದ್ದ ಟಿಫನಿ ಸ್ಟುಡಿಯೋವನ್ನೇ ಕಥೆಯ ರಂಗಭೂಮಿಯನ್ನಾಗಿ ಮಾಡಿಕೊಂಡದ್ದು ಈ ಚಿತ್ರದ ಜಾಣತನ. ಎಡ್ವಿನ್ ಎಲ್. ಮಾರಿನ್‌ಗೆ ಇದು ನಿರ್ದೇಶಕನಾಗಿ ಮೊದಲ ಚಿತ್ರ. ಸಂಶಯಕ್ಕೊಳಗಾದ ನಟಿಯನ್ನು ಉಳಿಸಲು ಪತ್ತೇದಾರಿಕೆಗೆ ಇಳಿಯುವವನು ಪೊಲೀಸನಲ್ಲ, ಸ್ಟುಡಿಯೋದ ಕಥಾಲೇಖಕ. ಆತ ಸಾಕ್ಷ್ಯವನ್ನು ಅರಸುವುದು ಕೊಲೆಯ ಕ್ಷಣವನ್ನು ಸೆರೆಹಿಡಿದ ಫಿಲ್ಮಿನಲ್ಲಿಯೇ. ಅಂದಿನ ನೈಟ್ರೇಟ್ ಫಿಲ್ಮು ಕ್ಷಣಾರ್ಧದಲ್ಲಿ ಭುಗಿಲೇಳುವಂಥದು. ಆದ್ದರಿಂದ ಪ್ರದರ್ಶನದ ಕೊಠಡಿಯಲ್ಲಿ ಆ ಸಾಕ್ಷ್ಯ ಉರಿದುಹೋಗುವುದು ಅತಿಶಯೋಕ್ತಿಯೆನಿಸದು.

ಆ ಜ್ವಾಲೆಗೂ, ಟಾರ್ಚಿನ ಬೆಳಕಿಗೂ, ಪಿಸ್ತೂಲಿನ ಕಿಡಿಗೂ ಗುಸ್ಟಾವ್ ಬ್ರಾಕ್ ಎಂಬ ಕಲಾವಿದನು ಕೈಯಿಂದ ಬಣ್ಣ ಬಳಿದನು. ಉಳಿದೆಲ್ಲವೂ ಕಪ್ಪುಬಿಳುಪಾಗಿರುವ ಚಿತ್ರದಲ್ಲಿ ಥಟ್ಟನೆ ಉರಿಯುವ ಆ ಕೆಂಪು, ಅಗ್ಗದ ಉಪಾಯವೇ ಆದರೂ, ಇಂದಿಗೂ ಬೆಚ್ಚಿಬೀಳಿಸುತ್ತದೆ. ಬಣ್ಣವಿಲ್ಲದ ಪ್ರತಿಯನ್ನು ಕಂಡವರು ಅರ್ಧ ಚಿತ್ರವನ್ನೇ ಕಂಡಂತೆ.

ತಾರಾಗಣದಲ್ಲಿ ಮಾತ್ರ ಕೊಂಚ ಕಪಟವಿದೆ. 1931ರ ‘ಡ್ರಾಕುಲಾ’ದಲ್ಲಿ ನಟಿಸಿದ್ದ ಬೇಲಾ ಲುಗೋಸಿ, ಡೇವಿಡ್ ಮ್ಯಾನರ್ಸ್, ಎಡ್ವರ್ಡ್ ವ್ಯಾನ್ ಸ್ಲೋನ್ ಮೂವರೂ ಇಲ್ಲಿ ಮತ್ತೆ ಕೂಡಿದ್ದಾರೆ. ರಕ್ತಪಿಶಾಚಿಯ ಪಾತ್ರದಿಂದ ಜಗತ್ಪ್ರಸಿದ್ಧನಾದ ಲುಗೋಸಿಗೆ ದೊರೆತದ್ದು ಸ್ಟುಡಿಯೋ ವ್ಯವಸ್ಥಾಪಕನ ಪಾತ್ರ. ಅವನ ತೀಕ್ಷ್ಣದೃಷ್ಟಿಯನ್ನು ಕಂಡು ಪ್ರೇಕ್ಷಕನು ಸಂಶಯಪಡಲೆಂಬುದಷ್ಟೇ ಅದರ ಪ್ರಯೋಜನ. ಭೀತಿಯನ್ನು ಬಯಸಿ ಬಂದವರು ನಿರಾಶರಾಗಿದ್ದರೆ ಆಶ್ಚರ್ಯವಿಲ್ಲ.

ಸಂಭಾಷಣೆ ಹಲವೆಡೆ ಜಡವಾಗಿದೆ, ಪೊಲೀಸರನ್ನು ಹಾಸ್ಯಕ್ಕಾಗಿ ಅತಿ ಮಂದಮತಿಗಳನ್ನಾಗಿಸಲಾಗಿದೆ. ಆದರೂ, ಆರಂಭಕಾಲದ ಒಂದು ವಾಕ್ಚಿತ್ರಶಾಲೆಯ ಒಳಗನ್ನು ಕಾಣಬಯಸುವವರು ಸುಮಾರು ಎಪ್ಪತ್ತೈದು ನಿಮಿಷಗಳನ್ನು ಇದಕ್ಕಾಗಿ ಧಾರಾಳವಾಗಿ ವ್ಯಯಿಸಬಹುದು. ಕೊಲೆಗಾರನಾರೆಂಬುದನ್ನು ಮಾತ್ರ ಮೊದಲೇ ಯಾರಿಂದಲೂ ಕೇಳಿ ತಿಳಿಯಬಾರದು.