ಕಲ್ಲುಹೂವು ಹೂವಲ್ಲ, ಬೂಷ್ಟು ಬರೀ ಕಲೆಯಲ್ಲ

“ಬ್ರೆಡ್ಡಿನ ಒಂದು ಮೂಲೆಗೆ ಮಾತ್ರ ಬೂಷ್ಟು ಬಂದಿದೆ. ಅಷ್ಟನ್ನು ಕಿತ್ತು ಮಕ್ಕಳಿಗೆ ಕೊಡಬಹುದಾ ಡಾಕ್ಟ್ರೇ?” ದವಾಖಾನೆಗೆ ಬರುವ ತಾಯಂದಿರು ಹೀಗೆ ಕೇಳುವುದುಂಟು. ಆಹಾರ ಪೋಲಾಗಬಾರದೆಂಬ ಕಾಳಜಿ ಒಳ್ಳೆಯದೇ. ಉತ್ತರ ತಿಳಿಯಲು ಮೊದಲು ನಿಮ್ಮ ಮಸಾಲೆ ಡಬ್ಬಿ ತೆರೆಯಿರಿ.

ಬಿರಿಯಾನಿಗೆ ಹಾಕುವ ಕಲ್ಲುಹೂವು ನಿಮಗೆ ಗೊತ್ತು. ಉರ್ದುವಿನಲ್ಲಿ ಅದು ಪತ್ಥರ್ ಕಾ ಫೂಲ್, ಯುನಾನಿ ಔಷಧಿಗಳಲ್ಲಿ ಉಶ್ನಾ. ಆದರೆ ಅದು ಹೂವಲ್ಲ, ಗಿಡವೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಒಂದು ಸಂಸಾರ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಹೀಗೆಂದಾಗ ಅನೇಕ ವಿದ್ವಾಂಸರು ಒಪ್ಪಿರಲಿಲ್ಲ.

ಒಂದು ತುಂಡನ್ನು ಹರಿದು ನೋಡಿ. ಮೇಲೆ ಬೂದು, ಕೆಳಗೆ ಕಪ್ಪು, ನಡುವೆ ಬಿಳುಪು. ಸೂಕ್ಷ್ಮದರ್ಶಕದಲ್ಲಿ ನಾಲ್ಕು ಪದರಗಳು ಕಾಣುತ್ತವೆ. ಮೇಲಿನದು ಶಿಲೀಂಧ್ರದ ಎಳೆಗಳು ಒತ್ತಾಗಿ ಅಂಟಿಕೊಂಡ ಚರ್ಮದಂಥ ಪದರ. ಅದರಡಿ ಪಾಚಿಯ ದುಂಡನೆಯ ಹಸಿರು ಕೋಶಗಳು; ಬಿಸಿಲಿನಿಂದ ಆಹಾರ ತಯಾರಿಸುವುದು ಇವೇ. ಮೂರನೆಯದು ಹಿಂಜಿದ ಹತ್ತಿಯಂತೆ ಸಡಿಲವಾದ ಎಳೆಗಳ ಬಿಳಿ ಪದರ. ಎಳೆಗಳ ನಡುವೆ ಗಾಳಿ ಆಡುತ್ತದೆ. ಕೊನೆಯದು ಕಪ್ಪು ತಳ. ಅಲ್ಲಿಂದ ಹೊರಟ ಬೇರಿನಂಥ ಎಳೆಗಳು ಮರದ ತೊಗಟೆಯನ್ನೋ ಬಂಡೆಯನ್ನೋ ಹಿಡಿದುಕೊಳ್ಳುತ್ತವೆ.

ಬ್ರೆಡ್ಡಿನ ಬೂಷ್ಟು ಕೂಡ ಇಂಥದೇ ಎಳೆಗಳ ಜಾಲ. ಒಂದೊಂದು ಎಳೆಯೂ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಅದರ ಗೋಡೆಯಲ್ಲಿ ಸಿಗಡಿಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತುವೇ ಇದೆ. ಆದರೆ ಬೂಷ್ಟಿಗೆ ಅಡುಗೆ ಮಾಡಿಕೊಡಲು ಪಾಚಿಯ ಜೊತೆಯಿಲ್ಲ. ಹಾಗಾಗಿ ಎಳೆಗಳು ನಮ್ಮ ಆಹಾರದೊಳಗೇ ಇಳಿದು, ಅದನ್ನು ಕರಗಿಸಿ ಹೀರುತ್ತವೆ. ಮೇಲೆ ಕಾಣುವ ಹಸಿರು ಅಥವಾ ಕಪ್ಪು ಪುಡಿ ಅದರ ಬೀಜಕಣ ಮಾತ್ರ. ನೀವು ಕಿತ್ತು ಬಿಸಾಡುವುದು ಅಷ್ಟನ್ನೇ. ಎಳೆಗಳು ಒಳಗೇ ಉಳಿಯುತ್ತವೆ.

ಆದ್ದರಿಂದ ಬೂಷ್ಟು ಬಂದ ಬ್ರೆಡ್, ರೊಟ್ಟಿ, ಅನ್ನವನ್ನು ಪೂರ್ತಿ ಎಸೆಯಿರಿ. ಶೇಂಗಾ, ಒಣಮೆಣಸಿನಕಾಯಿಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಅವುಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. ಅದು ಯಕೃತ್ತಿಗೆ ಹಾನಿಕರ. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಕಲ್ಲುಹೂವೂ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅದನ್ನು ಗಾಳಿಯಾಡದ ಒಣ ಬಾಟಲಿಯಲ್ಲಿಡಿ, ಒದ್ದೆ ಕೈ ಹಾಕಬೇಡಿ. ಮುಗ್ಗಲು ವಾಸನೆ ಬಂದರೆ ಬಳಸಬೇಡಿ. ಪೋಲಾಗಬಾರದೆಂದರೆ ಕಡಿಮೆ ಕೊಳ್ಳಿ, ಒಣಗಿಸಿಡಿ, ಬೇಗ ಬಳಸಿ.