ಮಿಸ್ಟರ್ ಹಿನಕಲ್ ಖಾತೆಯಲ್ಲಿ ಎಷ್ಟು ಪಾಯಿಂಟ್ಸ್?

ಮೈಸೂರಿನ ಅಂಚಿನ ಹಿನಕಲ್ ಈಗ ಹಳ್ಳಿಯಲ್ಲ, ಪೂರ್ತಿ ಪೇಟೆಯೂ ಅಲ್ಲ. ಒಳಗೆ ನನ್ನೇಶ್ವರ ಗುಡಿ ಇರುವ ಹಳೇ ಊರು, ಹೊರಗೆ ಹುಣಸೂರು ರಸ್ತೆಯ ಮೇಲೆ ಫ್ಲೈಓವರ್. ಅಲ್ಲಿಂದ ರಿಂಗ್ ರಸ್ತೆ ಹಿಡಿದರೆ ಕೆಲವೇ ನಿಮಿಷಕ್ಕೆ ಹೆಬ್ಬಾಳದ ಕೈಗಾರಿಕಾ ಪ್ರದೇಶ, ಇನ್ಫೊಸಿಸ್ ಕ್ಯಾಂಪಸ್. ಈ ಸುತ್ತಿನ ಬಡಾವಣೆಗಳಲ್ಲಿ ನಿವೃತ್ತರ ಮನೆಗಳು ಬೇಕಾದಷ್ಟಿವೆ. ಮಕ್ಕಳು ಹೊರದೇಶದಲ್ಲಿದ್ದಾರೆ, ಅಪ್ಪ-ಅಮ್ಮ ಇಲ್ಲಿದ್ದಾರೆ. ಮಗಳಿಗೆ ಏಳು ತಿಂಗಳು ತುಂಬಿತು ಅನ್ನುವ ಹೊತ್ತಿಗೆ ಇಂಥ ಮನೆಯ ಹಾಲ್‌ನಲ್ಲಿ ಸೂಟ್‌ಕೇಸ್‌ಗಳು ಬಾಯಿ ತೆರೆದುಕೊಂಡು ಕೂರುತ್ತವೆ. ಅಂಟಿನುಂಡೆ, ಬಾಣಂತಿ ಲೇಹ್ಯ, ಸಾರಿನ ಪುಡಿ, ಚಟ್ನಿಪುಡಿ ಒಳಗೆ ಹೋಗುತ್ತವೆ. ಕೊಕ್ಕೆ ತಕ್ಕಡಿಯಲ್ಲಿ ಎತ್ತಿ ನೋಡಿದರೆ ಇಪ್ಪತ್ನಾಲ್ಕೂವರೆ ಕೆಜಿ. ಒಂದೂವರೆ ಕೆಜಿ ತೆಗೆಯಬೇಕು. ಏನು ತೆಗೆಯುವುದು ಅನ್ನುವುದರ ಮೇಲೆ ಗಂಡ-ಹೆಂಡತಿಗೆ ಜಗಳ.

ಒಂದೊಂದು ಗ್ರಾಮಿನ ಲೆಕ್ಕ ಇಡುವ ಈ ಮನೆಯವರೇ ಇನ್ನೊಂದು ಲೆಕ್ಕವನ್ನು ಪೂರ್ತಿ ಮರೆತಿರುತ್ತಾರೆ. “ಅಪ್ಪ, ನಿಮ್ಮ ಫ್ರೀಕ್ವೆಂಟ್ ಫ್ಲೈಯರ್ ನಂಬರ್ ಎಷ್ಟು?” ಎಂದು ಮಗಳು ಫೋನಿನಲ್ಲಿ ಕೇಳಿದರೆ, “ಅದ್ಯಾವುದಮ್ಮ ಅದು?” ಅನ್ನುವ ಉತ್ತರ ಬರುತ್ತದೆ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ನೇರ ಗೆರೆ ಎಳೆದರೇ ಸುಮಾರು 14,000 ಕಿಲೋಮೀಟರ್. ಮೂರು ಸಲ ಹೋಗಿಬಂದ ದಂಪತಿ ಇಬ್ಬರೂ ಸೇರಿ ಭೂಮಿಯನ್ನು ನಾಲ್ಕು ಸುತ್ತು ಹಾಕಿದಷ್ಟು ದೂರವನ್ನು ಹಾರಿರುತ್ತಾರೆ, ಅಂದರೆ ತಲಾ ಎರಡು ಸುತ್ತು. ಆ ದೂರಕ್ಕೆ ವಿಮಾನ ಕಂಪನಿಗಳು ಕೊಡಬೇಕಿದ್ದ ಪಾಯಿಂಟ್ಸ್ ಮಾತ್ರ ಯಾರ ಖಾತೆಗೂ ಬಿದ್ದಿರುವುದಿಲ್ಲ.

ಪಾಯಿಂಟ್ಸ್ ಎಂದರೆ ಕಂಪನಿಯೇ ಅಚ್ಚು ಹಾಕುವ ನೋಟು, ಅಷ್ಟೇ. ಅಮೆರಿಕ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿತು. ದರದ ಪೈಪೋಟಿ ಶುರುವಾದಾಗ ಪ್ರಯಾಣಿಕ ಇವತ್ತು ಒಬ್ಬರಲ್ಲಿ, ನಾಳೆ ಇನ್ನೊಬ್ಬರಲ್ಲಿ ಹತ್ತತೊಡಗಿದ. ಅವನನ್ನು ಕಟ್ಟಿಹಾಕಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ‘ಅಡ್ವಾಂಟೇಜ್’ ಯೋಜನೆ ತಂದಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಏರ್‌ಲೈನ್ಸ್ ‘ಮೈಲೇಜ್ ಪ್ಲಸ್’ ಘೋಷಿಸಿತು. ಹಾರಿದ ಮೈಲಿಗೆ ಮೈಲಿ ಜಮಾ, ಸಾಕಷ್ಟಾದಾಗ ಒಂದು ಟಿಕೆಟ್ ಬಿಟ್ಟಿ. ಈ ಉಪಾಯದಲ್ಲಿ ಒಂದು ಕಿಲಾಡಿತನವಿತ್ತು. ಟಿಕೆಟ್‌ಗೆ ದುಡ್ಡು ಕೊಡುವುದು ಆಫೀಸು. ಪಾಯಿಂಟ್ಸ್ ಸೇರುವುದು ಸೀಟಿನಲ್ಲಿ ಕೂತವನ ಖಾತೆಗೆ. ಆಫೀಸಿನ ಖರ್ಚಿನಲ್ಲಿ ತಿರುಗುವವನು ಇನ್ನೂರು ಡಾಲರ್ ಹೆಚ್ಚಾದರೂ ತನ್ನ ಖಾತೆ ಇರುವ ಕಂಪನಿಯ ವಿಮಾನವನ್ನೇ ಹಿಡಿಯುತ್ತಾನೆ, ಏಕೆಂದರೆ ಆ ಇನ್ನೂರು ಡಾಲರ್ ಅವನದಲ್ಲ. ‘ಆನ್‌ಸೈಟ್’ಗೆ ಹೋಗಿಬರುವ ಹೆಬ್ಬಾಳದ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೇಂದ್ರ ಸರ್ಕಾರ ಇದಕ್ಕೆ ಬಗ್ಗಿಲ್ಲ: ಸರ್ಕಾರಿ ಟಿಕೆಟ್‌ನಲ್ಲಿ ಬಂದ ಪಾಯಿಂಟ್ಸ್ ಸರ್ಕಾರಿ ಕೆಲಸದ ಪ್ರಯಾಣಕ್ಕೇ ಬಳಕೆಯಾಗಬೇಕು ಎಂದು ತನ್ನ ನೌಕರರಿಗೆ ಆದೇಶ ಹೊರಡಿಸಿದೆ.

ಈ ನೋಟಿನ ಬೆಲೆ ಎಷ್ಟಿರಬಹುದು? 2020ರಲ್ಲಿ ಕೊರೊನಾದಿಂದ ವಿಮಾನಗಳೆಲ್ಲ ನೆಲ ಹಿಡಿದಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲೇಜ್ ಪ್ಲಸ್ ಯೋಜನೆಯನ್ನೇ ಅಡಮಾನ ಇಟ್ಟು 500 ಕೋಟಿ ಡಾಲರ್ ಸಾಲ ಎತ್ತಲು ಹೊರಟಿತು. ಯೋಜನೆಯ ಮೌಲ್ಯ ಸುಮಾರು 2,200 ಕೋಟಿ ಡಾಲರ್ ಎಂದು ಅಂದಾಜು ಮಾಡಲಾಗಿತ್ತು. ಷೇರುಪೇಟೆಯಲ್ಲಿ ಆಗ ಇಡೀ ಕಂಪನಿಗೇ ಅಷ್ಟು ಬೆಲೆ ಇರಲಿಲ್ಲ! ಬ್ಯಾಂಕುಗಳು ತಮ್ಮ ಕ್ರೆಡಿಟ್ ಕಾರ್ಡ್ ಗ್ರಾಹಕರಿಗೆ ಹಂಚಲೆಂದು ಈ ಮೈಲಿಗಳನ್ನು ಕಂಪನಿಗಳಿಂದ ಸಗಟಿನಲ್ಲಿ ಕೊಳ್ಳುತ್ತವೆ. ಅದೇ ದೊಡ್ಡ ವರಮಾನ.

ನೋಟು ಅಚ್ಚು ಹಾಕುವವರೂ ಒಮ್ಮೊಮ್ಮೆ ಎಡವುತ್ತಾರೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್, ಒಂದು ತಿನಿಸು ಕಂಪನಿಯ ಪೊಟ್ಟಣಗಳ ಲೇಬಲ್ ಕಳಿಸಿದರೆ ಮೈಲಿ ಕೊಡುತ್ತಾರೆ ಎಂಬ ಜಾಹೀರಾತು ನೋಡಿದ. ಲೆಕ್ಕ ಹಾಕಿದ. ಆ ಕಂಪನಿಯ ತಿನಿಸುಗಳಲ್ಲಿ ಅತಿ ಅಗ್ಗದ್ದು ಪುಡ್ಡಿಂಗ್. ಸುಮಾರು 3,140 ಡಾಲರ್ ಸುರಿದು 12,150 ಕಪ್ ಪುಡ್ಡಿಂಗ್ ಕೊಂಡ. ಪುಡ್ಡಿಂಗನ್ನು ದಾನಕ್ಕೆ ಕೊಟ್ಟು, ತೆಗೆದುಕೊಂಡ ಸಂಸ್ಥೆಯವರಿಂದಲೇ ಲೇಬಲ್ ಕೀಳಿಸಿದ. ಕೈಗೆ ಬಂದದ್ದು ಹನ್ನೆರಡೂವರೆ ಲಕ್ಷ ಮೈಲಿ.

ಅಂಥ ಅದೃಷ್ಟ ಮೈಸೂರಿಗೆ ಬರಲಿಲ್ಲ; ಬಂದದ್ದು ಕಿಂಗ್‌ಫಿಷರ್. ಹೊಸದಾಗಿ ಕಟ್ಟಿದ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ 2010ರ ಅಕ್ಟೋಬರ್ 1ರಂದು ಮೊದಲ ಪ್ರಯಾಣಿಕ ವಿಮಾನ ತಂದವರು ಅವರೇ, ಬೆಂಗಳೂರಿನಿಂದ, ಎಟಿಆರ್ ಎಂಬ ಸಣ್ಣ ವಿಮಾನ. ವಿಜಯ್ ಮಲ್ಯ ಅವರ ಕಂಪನಿಯ ಪಾಯಿಂಟ್ಸ್ ಯೋಜನೆಗೆ ‘ಕಿಂಗ್ ಕ್ಲಬ್’ ಎಂದು ಹೆಸರು. 2008ರಲ್ಲೇ ಬೆಂಗಳೂರು–ಲಂಡನ್ ನೇರ ವಿಮಾನ ಶುರುವಾಗಿತ್ತು. 2012ರ ಫೆಬ್ರುವರಿಯಲ್ಲಿ ಕಂಪನಿಯು ವಿಮಾನ ಕಂಪನಿಗಳ ‘ಒನ್‌ವರ್ಲ್ಡ್’ ಒಕ್ಕೂಟ ಸೇರುವುದಿತ್ತು; ಸೇರಿದ್ದರೆ ಕಿಂಗ್ ಕ್ಲಬ್‌ನ ಮೈಲಿಗಳಲ್ಲಿ ಬ್ರಿಟಿಷ್ ಏರ್‌ವೇಸ್ ಸೀಟೂ ಸಿಗುತ್ತಿತ್ತು. ಕೂಡಿಟ್ಟವರು ಕಾದರು. ಮೈಸೂರಿನ ಸೇವೆ 2011ರ ನವೆಂಬರ್‌ಗೇ ನಿಂತಿತ್ತು, ಒಕ್ಕೂಟದ ಪ್ರವೇಶ ಕೊನೆ ಗಳಿಗೆಯಲ್ಲಿ ತಪ್ಪಿತು, 2012ರ ಅಕ್ಟೋಬರ್‌ನಲ್ಲಿ ಇಡೀ ಕಂಪನಿ ನೆಲಕ್ಕಿಳಿಯಿತು. ಸಂಬಳವೇ ಸಿಗದ ನೌಕರರು ಬೀದಿಗೆ ಬಂದಿದ್ದಾಗ ಮೈಲಿ ಕಳೆದುಕೊಂಡವರ ಅಳಲನ್ನು ಯಾರು ಕೇಳಬೇಕು?

ಜೆಟ್ ಏರ್‌ವೇಸ್ ಕಥೆ ಬೇರೆ. ಅದು 2019ರ ಏಪ್ರಿಲ್‌ 17ರಂದು ಕೊನೆಯ ಹಾರಾಟ ನಡೆಸಿತು. ಆದರೆ ಅದರ ‘ಜೆಟ್‌ಪ್ರಿವಿಲೇಜ್’ ಯೋಜನೆ ಮೊದಲೇ ಪ್ರತ್ಯೇಕ ಕಂಪನಿಯಾಗಿತ್ತು, ಎತಿಹಾದ್ ಏರ್‌ವೇಸ್‌ಗೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿತ್ತು. ಹಾಗಾಗಿ ವಿಮಾನ ಸತ್ತರೂ ಪಾಯಿಂಟ್ಸ್ ಸಾಯಲಿಲ್ಲ. ಅದೇ ವರ್ಷ ‘ಇಂಟರ್‌ಮೈಲ್ಸ್’ ಎಂದು ಹೆಸರು ಬದಲಿಸಿಕೊಂಡು ಮುಂದುವರಿದವು. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಸದಸ್ಯರ ಪಾಯಿಂಟ್ಸ್ ಒಂದಕ್ಕೊಂದರಂತೆ ಏರ್ ಇಂಡಿಯಾ ಖಾತೆಗೆ ಬಂದವು. ಏರ್ ಇಂಡಿಯಾದ ಹಳೆಯ ‘ಫ್ಲೈಯಿಂಗ್ ರಿಟರ್ನ್ಸ್’ ಈಗ ‘ಮಹಾರಾಜ ಕ್ಲಬ್’. ಪಾಯಿಂಟ್ಸ್‌ ಗೊಡವೆಯೇ ಬೇಡ ಎಂದು ವರ್ಷಗಟ್ಟಲೆ ದೂರ ನಿಂತಿದ್ದ ಇಂಡಿಗೊ ಕೂಡ 2024ರಲ್ಲಿ ‘ಬ್ಲೂಚಿಪ್’ ತಂದಿತು.

ಹಾಗಾದರೆ ಹಿನಕಲ್‌ನ ದಂಪತಿ ಎಲ್ಲಿಂದ ಶುರುಮಾಡಬೇಕು? ಹೆಸರಿನಿಂದ.

ಮೈಸೂರು ಸೀಮೆಯಲ್ಲಿ ಸರ್‌ನೇಮ್ ಎಂಬುದು ಅನೇಕರಿಗೆ ಇಲ್ಲವೇ ಇಲ್ಲ, ಇರುವುದು ಇನಿಷಿಯಲ್. ಒಂದಕ್ಷರ ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟ್‌ಗೆ ಅದು ಸಾಲದು, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿದಾಗ ‘ಎಚ್’ ಹೋಗಿ ‘ಹಿನಕಲ್’ ಆಗುತ್ತದೆ, ಫ್ರಾಂಕ್‌ಫರ್ಟ್‌ನಲ್ಲಿ ಗಗನಸಖಿ ‘ಮಿಸ್ಟರ್ ಹಿನಕಲ್’ ಎಂದು ಕರೆಯುತ್ತಾಳೆ, ಯಜಮಾನರು ತಿರುಗಿಯೂ ನೋಡುವುದಿಲ್ಲ. ಇಡೀ ಹೆಸರನ್ನು ಒಂದೇ ಅಂಕಣದಲ್ಲಿ ತುಂಬಿದವರ ಅಮೆರಿಕ ವೀಸಾದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬೀಳುತ್ತದೆ: ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಟಿಕೆಟ್‌ನಲ್ಲಿ ಒಂದು ರೀತಿ, ಸದಸ್ಯತ್ವದಲ್ಲಿ ಇನ್ನೊಂದು ರೀತಿ ಇದ್ದರೆ ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಜನ. ಪಾಯಿಂಟ್ಸ್ ಜಮಾ ಆಗುವುದಿಲ್ಲ. ಸದಸ್ಯತ್ವಕ್ಕೆ ಕಾಸು ಕೊಡಬೇಕಿಲ್ಲ, ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಹೆಸರು ಬರೆದರೆ ಸಾಕು. ಮಗ ದುಡ್ಡು ಕೊಟ್ಟ ಮಾತ್ರಕ್ಕೆ ಪಾಯಿಂಟ್ಸ್ ಮಗನಿಗೆ ಹೋಗುವುದಿಲ್ಲ. ಅಪ್ಪನಿಗೆ ಬೇರೆ ನಂಬರ್, ಅಮ್ಮನಿಗೆ ಬೇರೆ ನಂಬರ್ ಇರಬೇಕು. ಮನೆಮಂದಿಯ ಪಾಯಿಂಟ್ಸನ್ನು ಒಂದೆಡೆ ಸೇರಿಸುವ ಸೌಲಭ್ಯ ಈಗ ಹಲವು ಕಂಪನಿಗಳಲ್ಲಿದೆ. ಹೋಗಿಬಂದ ಮೇಲೆ ನೆನಪಾದರೂ ಕೆಲವು ತಿಂಗಳ ಗಡುವಿನೊಳಗೆ ಬೋರ್ಡಿಂಗ್ ಪಾಸ್ ತೋರಿಸಿ ಕೇಳಬಹುದು.

ಯಾವ ಕಂಪನಿಯಲ್ಲಿ ಹಾರಿದರೆ ಅಲ್ಲೇ ಖಾತೆ ತೆರೆಯುತ್ತ ಹೋದರೆ ಹತ್ತು ಡಬ್ಬಿಯಲ್ಲಿ ಹಿಡಿ ಹಿಡಿ ಅಕ್ಕಿ ಇಟ್ಟಂತೆ. ಯಾವ ಡಬ್ಬಿಯಿಂದಲೂ ಅನ್ನವಾಗುವುದಿಲ್ಲ. ಇಲ್ಲಿ ಒಕ್ಕೂಟಗಳು ಕೆಲಸಕ್ಕೆ ಬರುತ್ತವೆ. ಏರ್ ಇಂಡಿಯಾ 2014ರಿಂದ ‘ಸ್ಟಾರ್ ಅಲಯನ್ಸ್’ನಲ್ಲಿದೆ; ಲುಫ್ತಾನ್ಸಾ, ಸಿಂಗಪುರ್ ಏರ್‌ಲೈನ್ಸ್, ಯುನೈಟೆಡ್ ಅದೇ ಕೂಟದವು. ಒಂದರಲ್ಲಿ ಹಾರಿ ಇನ್ನೊಂದರ ಖಾತೆಗೆ ಪಾಯಿಂಟ್ಸ್ ಹಾಕಿಸಬಹುದು, ಒಂದರ ಪಾಯಿಂಟ್ಸ್‌ನಲ್ಲಿ ಇನ್ನೊಂದರ ಸೀಟು ಕೊಳ್ಳಬಹುದು.

ಸೀಟು ಸಿಗುವುದೇ ನಿಜವಾದ ಪರೀಕ್ಷೆ. ಒಂದು ವಿಮಾನದಲ್ಲಿ ಪಾಯಿಂಟ್ಸ್‌ಗೆ ಅಗ್ಗವಾಗಿ ಬಿಡುವ ಸೀಟು ಬೆರಳೆಣಿಕೆಯಷ್ಟು. ದುಡ್ಡಿಗೆ ಹೋಗಲಾರವು ಎಂದು ಕಂಪನಿಗೆ ಅನ್ನಿಸಿದವು ಮಾತ್ರ. ಮೇ ತಿಂಗಳ ರಜೆಗೋ ಕ್ರಿಸ್‌ಮಸ್‌ಗೋ ಕೇಳಿದರೆ ಸಿಗಲಾರದು. ಸಾಮಾನ್ಯವಾಗಿ ಇವು ಹನ್ನೊಂದು ಹನ್ನೆರಡು ತಿಂಗಳು ಮೊದಲು ತೆರೆಯುತ್ತವೆ, ಮತ್ತೆ ಕೊನೆಯ ದಿನಗಳಲ್ಲಿ ಒಂದಷ್ಟು ಉದುರುತ್ತವೆ. ಬಾಣಂತನಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ಡಾಕ್ಟರು ದಿನ ಕೊಟ್ಟಿರುತ್ತಾರೆ, ಏಳೆಂಟು ತಿಂಗಳು ಕೈಯಲ್ಲಿರುತ್ತದೆ. ಊರಲ್ಲಿ ಹಿರಿಯರು ತೀರಿಕೊಂಡು ಮಗ ಮರುದಿನವೇ ಹೊರಡಬೇಕಾದಾಗಲೂ ಪಾಯಿಂಟ್ಸ್ ಕೈ ಹಿಡಿಯಬಹುದು: ಟಿಕೆಟ್ ದರ ಎರಡು-ಮೂರು ಪಟ್ಟು ಏರಿರುತ್ತದೆ, ಆದರೆ ನಿಗದಿತ ಪಟ್ಟಿಯ ಪ್ರಕಾರ ನಡೆಯುವ ಯೋಜನೆಗಳಲ್ಲಿ ಪಾಯಿಂಟ್ಸ್ ದರ ಏರುವುದಿಲ್ಲ.

‘ಫ್ರೀ ಟಿಕೆಟ್’ ಎಂಬ ಮಾತನ್ನು ನಂಬಬಾರದು. ತೆರಿಗೆ, ನಿಲ್ದಾಣದ ಶುಲ್ಕ, ಕೆಲವೆಡೆ ಇಂಧನದ ಹೆಚ್ಚುವರಿ ಶುಲ್ಕ ಕೈಯಿಂದಲೇ ಕೊಡಬೇಕು. ಒಂದು ಲೆಕ್ಕ ಹಾಕಿ ನೋಡಬಹುದು. ಟಿಕೆಟ್ ಬೆಲೆ 6,000 ರೂಪಾಯಿ ಅಂದುಕೊಳ್ಳೋಣ; ಪಾಯಿಂಟ್ಸ್‌ನಲ್ಲಾದರೆ 8,000 ಪಾಯಿಂಟ್ಸ್ ಮತ್ತು 1,200 ರೂಪಾಯಿ. ಉಳಿದದ್ದು 4,800, ಅಂದರೆ ಒಂದು ಪಾಯಿಂಟ್‌ಗೆ ಅರವತ್ತು ಪೈಸೆ. ಅದೇ ಪಾಯಿಂಟ್‌ಗೆ ಕಂಪನಿಯ ಅಂಗಡಿಯಲ್ಲಿ ಮಿಕ್ಸಿಯೋ ಸೂಟ್‌ಕೇಸೋ ಕೊಂಡರೆ ಎಷ್ಟು ಪೈಸೆ ಗಿಟ್ಟುತ್ತದೆ ಎಂದು ಹೀಗೇ ಭಾಗಿಸಿ ನೋಡಿದರೆ, ಮಿಕ್ಸಿಯನ್ನು ದೇವರಾಜ ಅರಸು ರಸ್ತೆಯಲ್ಲೇ ಕೊಳ್ಳುವುದು ಜಾಣತನ ಎಂದು ಬಹುತೇಕ ಸಲ ಗೊತ್ತಾಗುತ್ತದೆ.

ಪಾಯಿಂಟ್ಸ್‌ನ ಬೆಲೆ ನಿಜಕ್ಕೂ ಏರುವುದು ಅಪ್‌ಗ್ರೇಡ್‌ನಲ್ಲಿ. ಹದಿನಾರು ಗಂಟೆಯ ಹಾರಾಟದಲ್ಲಿ ಮಂಡಿನೋವಿನ ಅಮ್ಮನಿಗೆ ಕಾಲು ಚಾಚಿ ಮಲಗುವ ಸೀಟು ಸಿಕ್ಕರೆ ಅದರ ಬೆಲೆ ಪೈಸೆ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಆದರೆ ಇಲ್ಲಿಯೇ ಹೆಚ್ಚು ಜನ ಮೋಸಹೋಗುವುದೂ. ಪ್ರತಿ ಟಿಕೆಟ್‌ನ ಮೇಲೆ ಸಣ್ಣದಾಗಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಪಕ್ಕಪಕ್ಕದ ಸೀಟಿನಲ್ಲಿ ಕೂತ ಇಬ್ಬರದು ಬೇರೆ ಬೇರೆ ಅಕ್ಷರ ಇರಬಹುದು. ಅದೇ ದರದ ಜಾತಿ. ಅತಿ ಅಗ್ಗದ ಜಾತಿಯ ಟಿಕೆಟ್‌ಗಳಿಗೆ ಅನೇಕ ಕಂಪನಿಗಳು ಅಪ್‌ಗ್ರೇಡ್ ಕೊಡುವುದಿಲ್ಲ, ಕೆಲವಕ್ಕೆ ಪಾಯಿಂಟ್ಸೂ ಅರ್ಧಂಬರ್ಧ. ಮಗ ರಾತ್ರಿ ಎರಡು ಗಂಟೆ ಎದ್ದು ಹುಡುಕಿ ಎಂಟು ಸಾವಿರ ಉಳಿಸಿದ ಟಿಕೆಟ್ ಇದೇ ಆಗಿರುತ್ತದೆ. ಇನ್ನು ಟಿಕೆಟ್ ಒಂದು ಕಂಪನಿಯದು, ಹಾರಿಸುವುದು ಇನ್ನೊಂದು ಕಂಪನಿ ಎಂದಾದರೆ ಅಪ್‌ಗ್ರೇಡ್ ಮತ್ತೂ ಕಷ್ಟ. ಹಾಗಾಗಿ ಕೊಳ್ಳುವ ಮೊದಲೇ ‘ಈ ಟಿಕೆಟ್ ಪಾಯಿಂಟ್ಸ್‌ನಲ್ಲಿ ಅಪ್‌ಗ್ರೇಡ್ ಆಗುತ್ತದೆಯೇ’ ಎಂದು ಕೇಳಬೇಕು. ಕೊಂಡ ಮೇಲೆ ಕೇಳಿದರೆ ಸಿಗುವುದು ವಿನಯದ ಕ್ಷಮಾಪಣೆ. ಆಗುತ್ತದೆ ಎಂದರೂ ಹಲವು ಸಲ ಕಾಯುವ ಪಟ್ಟಿ, ಉತ್ತರ ಗೊತ್ತಾಗುವುದು ವಿಮಾನ ಹತ್ತುವ ಮುನ್ನ. ಮೇಲಿನ ದರ್ಜೆಗೆ ಹರಾಜು ಕೂಗುವ ಪದ್ಧತಿಯೂ ಕೆಲವು ಕಂಪನಿಗಳಲ್ಲಿದೆ.

ಹಾರದೆಯೂ ಗಳಿಸಬಹುದು, ಕ್ರೆಡಿಟ್ ಕಾರ್ಡ್‌ನಿಂದ. ದಿನಸಿ, ಸ್ಕೂಲ್ ಫೀಸು ಎಲ್ಲದರಿಂದ ಬಂದ ಪಾಯಿಂಟ್ಸನ್ನು ಮೈಲಿಗಳಾಗಿ ಬದಲಿಸಿಕೊಳ್ಳುವವರು ಬೆಂಗಳೂರು, ಮೈಸೂರಲ್ಲಿ ಸಾಕಷ್ಟಿದ್ದಾರೆ. ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುವವರಿಗಷ್ಟೇ ಈ ಆಟ. ಬಾಕಿ ಉಳಿದರೆ ವರ್ಷಕ್ಕೆ ಶೇ 40ರ ಆಸುಪಾಸಿನ ಬಡ್ಡಿ ಬೀಳುತ್ತದೆ. ಯಾವ ಬಿಸಿನೆಸ್ ಕ್ಲಾಸ್ ಸೀಟೂ ಅದನ್ನು ತುಂಬಿಕೊಡದು. ಮೇಲಾಗಿ ಎಷ್ಟು ಪಾಯಿಂಟ್‌ಗೆ ಎಷ್ಟು ಮೈಲಿ ಎಂಬುದನ್ನು ಬ್ಯಾಂಕು, ಮೈಲಿಗೆ ಯಾವ ಸೀಟು ಎಂಬುದನ್ನು ವಿಮಾನ ಕಂಪನಿ ಯಾವಾಗ ಬೇಕಾದರೂ ಬದಲಿಸಬಹುದು. ಇದು ಬಡ್ಡಿ ಬರುವ ಠೇವಣಿಯಲ್ಲ. ಮೊಮ್ಮಗನ ಮದುವೆಗೆ ಇರಲಿ ಎಂದು ಕೂಡಿಡುವವರನ್ನು ಕಂಡರೆ ಕಿಂಗ್ ಕ್ಲಬ್ ನೆನಪಾಗುತ್ತದೆ. ಅವಧಿ ಬೇರೆ ಇದೆ: ಸಿಂಗಪುರ್ ಏರ್‌ಲೈನ್ಸ್ ಮೈಲಿಗಳಿಗೆ ಮೂರು ವರ್ಷ ಆಯಸ್ಸು.

ಈ ಗಡುವಿನ ಭಯವನ್ನೇ ಕಳ್ಳರು ಬಂಡವಾಳ ಮಾಡಿಕೊಂಡಿದ್ದಾರೆ. ‘ನಿಮ್ಮ ರಿವಾರ್ಡ್ ಪಾಯಿಂಟ್ಸ್ ಇಂದೇ ಮುಗಿಯುತ್ತವೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿ ಒತ್ತಿದರೆ, ಬಂದ ಆ್ಯಪ್ ಇಳಿಸಿಕೊಂಡರೆ, ಪಾಯಿಂಟ್ಸ್ ಇರಲಿ, ಪೆನ್ಷನ್ ಹಣವೇ ಹೋಗುತ್ತದೆ. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಮೈಸೂರಿನಿಂದಲೇ ಪಾಯಿಂಟ್ಸ್‌ನಲ್ಲಿ ಹಾರುವ ಆಸೆ ಇದ್ದವರಿಗೆ ಇರುವ ದಾರಿ ಚಿಕ್ಕದು. ಮಂಡಕಳ್ಳಿಯ ರನ್‌ವೇ ಉದ್ದ 1,740 ಮೀಟರ್; ದೊಡ್ಡ ಜೆಟ್‌ಗಳು ಇಳಿಯಲಾರವು. ಈಚಿನ ವರ್ಷಗಳಲ್ಲಿ ಚೆನ್ನೈ, ಹೈದರಾಬಾದಿಗೆ ಇಂಡಿಗೊ ಹಾರಿಸಿರುವುದು ಎಟಿಆರ್‌ಗಳನ್ನು, ಒಂದೇ ದರ್ಜೆ, ಎಲ್ಲರಿಗೂ ಒಂದೇ ಅಳತೆಯ ಸೀಟು. ಹಿನಕಲ್‌ನ ದಂಪತಿ ಹಿಡಿಯುವುದು ಹೆಚ್ಚಾಗಿ ಕೆಎಸ್‌ಆರ್‌ಟಿಸಿಯ ಫ್ಲೈಬಸ್ಸನ್ನೇ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನಾಲ್ಕು ಗಂಟೆಯ ಮೇಲಿನ ದಾರಿ. ಸೂಟ್‌ಕೇಸ್ ಕೆಳಗೆ ಹೋಗಿದೆ, ಅಂಟಿನುಂಡೆ ಡಬ್ಬಿ ಮಾತ್ರ ಅಮ್ಮನ ಮಡಿಲಲ್ಲಿ. ಮದ್ದೂರು ದಾಟುವಷ್ಟರಲ್ಲಿ ಮಗಳ ಫೋನು: ಅಪ್‌ಗ್ರೇಡ್ ಆಗಿದೆಯಂತೆ, ಆದರೆ ಒಂದೇ ಸೀಟು. “ನೀನು ಕೂತ್ಕೋ” ಎಂದು ಯಜಮಾನರು, “ನಿಮಗೇ ಬೆನ್ನುನೋವು” ಎಂದು ಅಮ್ಮ. ಬಿಡದಿ ಬಂದರೂ ಚರ್ಚೆ ಮುಗಿದಿರುವುದಿಲ್ಲ.